ಗಾರೆ ಬೇಡವೆಂದ ಗೋಡೆ

2019ರ ಫೆಬ್ರುವರಿಯಲ್ಲಿ ಹಂಪಿಯ ಒಂದು ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಆನೆಲಾಯದ ಹಿಂದಿನ ವಿಷ್ಣು ಗುಡಿಯ ಬಳಿ ಯುವಕನೊಬ್ಬ ಸಾಲುಗಂಬವೊಂದಕ್ಕೆ ಎರಡೂ ಕೈ ಊರಿ ನೂಕುತ್ತಾನೆ. ಕಂಬ ಗಳಿಗೆ ಹೊತ್ತು ತೂಗಾಡಿ ದೊಪ್ಪನೆ ಉರುಳುತ್ತದೆ. ನಾಡೆಲ್ಲ ಹಿಡಿಶಾಪ ಹಾಕಿತು. ನಾಲ್ವರು ಸಿಕ್ಕಿಬಿದ್ದರು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿದ್ದಲ್ಲದೆ ಕೆಡವಿದ್ದನ್ನು ಅವರಿಂದಲೇ ಎತ್ತಿ ನಿಲ್ಲಿಸಿತು.

ಶಿಕ್ಷೆ ಸರಿಯಾಗಿಯೇ ಇತ್ತು. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಬೇರೆ ಪ್ರಶ್ನೆ. ಶತಮಾನಗಳ ಗಾಳಿಮಳೆಗೆ ಜಗ್ಗದ ಕಂಬ ಒಬ್ಬ ಹುಡುಗನ ನೂಕಿಗೆ ಬಿದ್ದದ್ದು ಹೇಗೆ? ಬಿದ್ದದ್ದು ಮತ್ತೆ ಅದೇ ಜಾಗದಲ್ಲಿ ಎದ್ದು ನಿಂತದ್ದಾದರೂ ಹೇಗೆ? ಎರಡಕ್ಕೂ ಉತ್ತರ ಒಂದೇ: ಅದನ್ನು ಯಾವುದಕ್ಕೂ ಅಂಟಿಸಿರಲಿಲ್ಲ. ಪೀಠದ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ. ಎಲ್ಲವೂ ತಂತಮ್ಮ ಭಾರದಲ್ಲೇ ಕೂತಿರುತ್ತವೆ. ಮೇಲಿನ ಚಾವಣಿ ಹೋಗಿ ಭಾರ ಇಳಿಯಿತೆಂದರೆ ಕೆಳಗಿನ ಕಂಬ ಒಂಟಿಯಾಯಿತು ಎಂದೇ ಲೆಕ್ಕ.

ಗಾರೆ ಹಾಕದೆ, ಗಚ್ಚು ಮೆತ್ತದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟುವ ಈ ಕೆಲಸದ ಬಗ್ಗೆ ನಮ್ಮಲ್ಲೊಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ಸುಣ್ಣ ಗೊತ್ತಿಲ್ಲದ ಕಾಲದವರು ಬೇರೆ ದಾರಿ ಕಾಣದೆ ಹೀಗೆ ಕಟ್ಟಿದರು ಎಂಬುದು. ಹಂಪಿಯಲ್ಲಿ ಅರ್ಧ ದಿನ ಕಾಲಾಡಿಸಿದರೆ ಸಾಕು, ಈ ಮಾತು ಬಿದ್ದುಹೋಗುತ್ತದೆ. ಕಮಲ ಮಹಲಿನ ಕಮಾನುಗಳಿಗೆ, ರಾಣಿಸ್ನಾನಗೃಹಕ್ಕೆ, ಗುಡಿಗಳ ಇಟ್ಟಿಗೆ ಗೋಪುರಗಳಿಗೆ ಸುಣ್ಣದ ಗಾರೆಯನ್ನು ಧಾರಾಳವಾಗಿ ಬಳಸಿದ್ದಾರೆ. ಅವನ್ನು ಸುತ್ತುವರಿದು ಕಾಯಬೇಕಾದ ಕೋಟೆಗೋಡೆಗೆ ಮಾತ್ರ ಒಂದು ಬೊಗಸೆ ಸುಣ್ಣವನ್ನೂ ಹಾಕಿಲ್ಲ. ಕಮಾನಿಗೆ ಅಂಟು ಬೇಕು, ಕೋಟೆಗೆ ಬೇಡ ಎಂದು ಯಾರೋ ಯೋಚಿಸಿಯೇ ನಿರ್ಧರಿಸಿದ್ದು.

ಆ ನಿರ್ಧಾರದ ಬೇರು ವಿಜಯನಗರಕ್ಕಿಂತ ಬಹಳ ಹಿಂದಕ್ಕೆ ಹೋಗುತ್ತದೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡವನ್ನು ಏದುಸಿರು ಬಿಡುತ್ತ ಹತ್ತಿದರೆ ಮೇಲೆ ಒಂದು ಊರೇ ಇದ್ದಂತೆ ಕಾಣುತ್ತದೆ: ನಾಲ್ಕು ನೂರರಷ್ಟು ಬೃಹತ್ ಶಿಲಾ ಸಮಾಧಿಗಳು. ನಿಲ್ಲಿಸಿದ ಚಪ್ಪಡಿಗಳೇ ಗೋಡೆ, ಮೇಲೆ ಹೊದಿಸಿದ ಚಪ್ಪಡಿಯೇ ಸೂರು, ಒಂದು ಗೋಡೆಗೆ ದುಂಡನೆಯ ಕಿಂಡಿ. ಕ್ರಿ.ಪೂ. 800ರಿಂದ 200ರ ನಡುವಿನವು ಎಂದು ವಿದ್ವಾಂಸರು ಕಾಲ ಹೇಳುತ್ತಾರೆ. ಊರವರ ಬಾಯಲ್ಲಿ ಅದು ಮೋರ್ಯರ ಗುಡ್ಡ. ಮೋರ್ಯರೆಂದರೆ ಕುಳ್ಳರು, ಇವು ಅವರ ಮನೆಗಳು ಎಂಬ ಕತೆಯಿದೆ. ಚಂದ್ರಗುಪ್ತನ ಮೌರ್ಯರನ್ನು ಇಲ್ಲಿ ಹುಡುಕಬೇಡಿ. 2021ರಲ್ಲಿ ಈ ತಾಣ ಯುನೆಸ್ಕೊದ ಸಂಭಾವ್ಯ ಪಟ್ಟಿಗೆ ಸೇರಿತು.

ಅಲ್ಲಿನ ಚಪ್ಪಡಿಗಳನ್ನು ಗಮನಿಸಿದರೆ ಒಂದು ಗುಟ್ಟು ತಿಳಿಯುತ್ತದೆ. ಈ ಸೀಮೆಯ ಬೆಣಚುಬಂಡೆ ಈರುಳ್ಳಿಯ ಹಾಗೆ ಪದರ ಬಿಡುತ್ತದೆ. ಹಗಲ ಬಿಸಿಲು, ಇರುಳ ತಂಪು, ಒಳಗಿನ ಒತ್ತಡ ಎಲ್ಲ ಸೇರಿ ಮೇಲಿನ ಹಾಳೆಯನ್ನು ಸಡಿಲಿಸಿಟ್ಟಿರುತ್ತವೆ. ಮನುಷ್ಯ ಮಾಡಬೇಕಾದದ್ದು ಅದನ್ನು ಎಬ್ಬಿಸುವುದಷ್ಟೆ. ಬಂಡೆಯ ಮೇಲೆ ಕಟ್ಟಿಗೆ ಉರಿ ಹಚ್ಚಿ, ಆ ಉರಿಯನ್ನು ಮೆಲ್ಲನೆ ಮುಂದಕ್ಕೆ ಸರಿಸುತ್ತ ಪದರ ಬಿಡಿಸುವ ಕೆಲಸ ಬೆಂಗಳೂರಿನ ಸುತ್ತ ನಡೆಯುತ್ತಿದ್ದುದನ್ನು 1895ರಲ್ಲಿ ‘ನೇಚರ್’ ಪತ್ರಿಕೆ ಅಚ್ಚು ಹಾಕಿತ್ತು. ಪದರ ಬಿಟ್ಟಿದೆಯೋ ಇಲ್ಲವೋ ಎಂದು ಸುತ್ತಿಗೆ ಬಡಿದು ಸದ್ದಿನಿಂದಲೇ ಹೇಳುತ್ತಾರೆ. ಬಿಟ್ಟ ಕಲ್ಲು ಬೊಳ್ಳು ಎನ್ನುತ್ತದೆ, ಬಿಡದ ಕಲ್ಲು ಠಣ್ ಎನ್ನುತ್ತದೆ. ಕಲ್ಲುಗುಡ್ಡದ ಪಕ್ಕದ ಊರುಗಳಲ್ಲಿ ಬೆಳೆದವರಿಗೆ ಈ ಎರಡು ಸದ್ದುಗಳ ವ್ಯತ್ಯಾಸವನ್ನು ಹೇಳಿಕೊಡಬೇಕಿಲ್ಲ.

ಸತ್ತವರ ಮನೆಯಿಂದ ದೇವರ ಮನೆಗೆ ಕಲ್ಲು ನಡೆದು ಬಂದ ದಾರಿ ನೋಡಬೇಕೆಂದರೆ ಐಹೊಳೆಯ ಮೇಗುತಿ ಗುಡ್ಡ ಹತ್ತಬೇಕು. ಮೇಲೆ ಜಿನಾಲಯ. ಅದರ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳುವ ರವಿಕೀರ್ತಿಯ ಶಾಸನ, ಶಕ 556, ಅಂದರೆ ಕ್ರಿ.ಶ. 634-35. ಪ್ರವಾಸಿಗರು ಶಾಸನದ ಫೋಟೊ ತೆಗೆದು ಇಳಿದುಬಿಡುತ್ತಾರೆ. ಗುಡಿಯ ಹಿಂದಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಅದೇ ಗುಡ್ಡದ ಮೇಲೆ ಚಪ್ಪಡಿ ಸಮಾಧಿಗಳ ಸಾಲು ಇದೆ. ಗುಡಿಗಿಂತ ಎಷ್ಟೋ ಶತಮಾನ ಹಳೆಯವು. ಚಾಲುಕ್ಯರ ಶಿಲ್ಪಿಗಳು ಅದೇ ಮರಳುಗಲ್ಲನ್ನು ಚೌಕ ಮಾಡಿ, ಮಟ್ಟಸವಾಗಿ ಉಜ್ಜಿ, ಒಂದರ ಮೇಲೊಂದು ಬರಿಗಲ್ಲಾಗಿ ಇಟ್ಟರು. ಕಲ್ಲಿಗೆ ಕಲ್ಲು ಒತ್ತಿ ನಿಲ್ಲಬೇಕೆಂಬ ಮೂಲ ಲೆಕ್ಕ ಎರಡೂ ಕಡೆ ಒಂದೇ. ಬದಲಾದದ್ದು ಉಳಿಯ ನಯ.

ವಿಜಯನಗರದವರು ಈ ಲೆಕ್ಕವನ್ನು ಒಂದು ನಗರದಳತೆಗೆ ಹಿಗ್ಗಿಸಿದರು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಒಂದರೊಳಗೊಂದು ಏಳು ಕೋಟೆಗಳನ್ನು ಕಂಡೆನೆಂದು ಬರೆದಿಟ್ಟ. ಹೊರಗೋಡೆಯ ಮುಂದೆ ಆಳೆತ್ತರದ ಕಲ್ಲುಗಳನ್ನು ಅರ್ಧ ಹೂತು ಒತ್ತೊತ್ತಾಗಿ ನೆಟ್ಟಿದ್ದು ಅವನ ಕಣ್ಣಿಗೆ ಬಿದ್ದಿತ್ತು. ಕುದುರೆಯಾಗಲಿ ಕಾಲಾಳಾಗಲಿ ಅದನ್ನು ದಾಟಿ ಸುಲಭವಾಗಿ ಗೋಡೆ ಮುಟ್ಟುವಂತಿರಲಿಲ್ಲ. ಏಳು ಸುತ್ತುಗಳನ್ನೂ ಇಂದು ಎಣಿಸಿ ತೋರಿಸುವುದು ಕಷ್ಟ. ಆದರೆ 1980ರಿಂದ ಈ ಹಾಳೂರನ್ನು ಗೇಣುಗೇಣಾಗಿ ಅಳೆದು ದಾಖಲಿಸಿದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ತಂಡದ ನಕ್ಷೆಗಳನ್ನು ಹರವಿ ನೋಡಿದರೆ ಗೋಡೆಗಳು ಗುಡ್ಡದಿಂದ ಗುಡ್ಡಕ್ಕೆ ಹೇಗೆ ಜಿಗಿದಿವೆ ಎಂದು ತಿಳಿಯುತ್ತದೆ. ದಾರಿಯಲ್ಲಿ ಆನೆಗಾತ್ರದ ಗುಂಡು ಸಿಕ್ಕಿದರೆ ಅದನ್ನು ಒಡೆದಿಲ್ಲ, ಬಳಸಿಯೂ ಹೋಗಿಲ್ಲ; ಗೋಡೆಯೊಳಕ್ಕೇ ಸೇರಿಸಿಕೊಂಡುಬಿಟ್ಟಿದ್ದಾರೆ.

ಕಮಲಾಪುರದ ಕಡೆಯ ಯಾವುದಾದರೂ ಒಂದು ತುಂಡು ಗೋಡೆಯ ಮುಂದೆ ನಿಂತು ನೋಡಿ. ಕಲ್ಲುಗಳು ಒಂದೇ ಅಳತೆಯವಲ್ಲ. ಒಂದು ಎಮ್ಮೆಯಷ್ಟು, ಪಕ್ಕದ್ದು ಕುರಿಯಷ್ಟು. ಅಂಚುಗಳನ್ನು ಮಾತ್ರ ನೆರೆಗಲ್ಲಿನ ಅಂಚಿಗೆ ತಕ್ಕಂತೆ ಕೆತ್ತಿ ಹೊಂದಿಸಿದ್ದಾರೆ, ಸಂದಿನಲ್ಲಿ ಉಗುರು ತೂರುವುದೂ ಕಷ್ಟ. ಗೋಡೆ ಕುಸಿದ ಕಡೆ ಹೋದರೆ ಒಳಗಿನ ಕತೆ ಬಯಲಾಗುತ್ತದೆ. ಹೊರಗೆ ಚಪ್ಪಟೆಯಾಗಿ ಕಂಡ ಕಲ್ಲು ಒಳಕ್ಕೆ ಹೋಗುತ್ತ ಹೋಗುತ್ತ ಸಣ್ಣದಾಗಿ, ಹಲ್ಲಿನ ಬೇರಿನಂತೆ ಚೂಪಾಗಿದೆ. ಅದರ ಹಿಂದೆ ತುಂಬಿರುವುದು ಮಣ್ಣು ಮತ್ತು ಚೂರುಗಲ್ಲು. ಮಣ್ಣು ಆ ಬೇರನ್ನು ಕಚ್ಚಿ ಹಿಡಿದಿದೆ. ಮೇಲಿನ ಸಾಲಿನ ಭಾರ ಕೆಳಗಿನದನ್ನು ಒತ್ತುತ್ತದೆ. ಗೋಡೆಯ ಮೈ ತುಸು ಹಿಂದಕ್ಕೆ ವಾಲಿರುವುದರಿಂದ ಇಡೀ ಹೊರೆ ಒಳಮಣ್ಣಿಗೆ ಒರಗುತ್ತದೆ. ಸುಣ್ಣ ಸುಡಲು ಕಟ್ಟಿಗೆ ಬೇಡ, ಗಾರೆ ಅರೆಯಲು ಎತ್ತು ಬೇಡ, ಒಣಗಲೆಂದು ಕಾಯುವುದೂ ಬೇಡ. ಇಟ್ಟ ಕಲ್ಲು ಇಟ್ಟ ಕ್ಷಣದಿಂದಲೇ ದುಡಿಯಲು ಶುರು.

ಕಲ್ಲು ಸೀಳಿದ ಗುರುತು ಹಂಪಿಯ ಬಂಡೆ ಬಂಡೆಯ ಮೇಲೂ ಇದೆ: ಹೊಲಿಗೆ ಹಾಕಿದಂತೆ ಸಾಲಾಗಿ ಕೊರೆದ ಆಯತದ ಗುಳಿಗಳು. ಒಣಮರದ ಬೆಣೆ ಹೊಡೆದು ನೀರು ಹೊಯ್ದರೆ ಮರ ಉಬ್ಬಿ ಬಂಡೆ ಸೀಳುತ್ತದೆ ಎಂಬ ಕತೆಯನ್ನು ಗೈಡುಗಳು ತಪ್ಪದೆ ಹೇಳುತ್ತಾರೆ. ಕಲ್ಲಿನ ಕೆಲಸದವರಿಗೆ ಹೇಳಿದರೆ ನಗುತ್ತಾರೆ. ಅವರು ಇವತ್ತಿಗೂ ಅದೇ ಬಗೆಯ ಗುಳಿ ಕೊರೆದು, ಕಬ್ಬಿಣದ ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಚಮ್ಮಟಿಗೆಯ ಏಟು ಕೊಡುತ್ತ ಹೋಗುತ್ತಾರೆ. ನನ್ನ ಒಲವು ಅವರ ಕಡೆಗೇ.

ಬರಿಗಲ್ಲಿನ ಕೆಲಸ ಎಷ್ಟು ನಾಜೂಕಾಗಬಲ್ಲದು ಎಂಬುದಕ್ಕೆ ರಾಜಾಂಗಣದ ಮೆಟ್ಟಿಲು ಪುಷ್ಕರಣಿ ಸಾಕ್ಷಿ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಎದ್ದುಬಂದ ಐದು ಹಂತಗಳ ಈ ಕೊಳ ಸುತ್ತಲಿನ ಬೆಣಚುಕಲ್ಲಿನದಲ್ಲ, ಕರಿಕಲ್ಲಿನದು. ಬಗ್ಗಿ ನೋಡಿದರೆ ಕಲ್ಲು ಕಲ್ಲಿನ ಮೇಲೂ ಅಕ್ಷರ, ಅಂಕಿ, ಗುರುತು: ಯಾವ ದಿಕ್ಕು, ಯಾವ ಸಾಲು, ಎಷ್ಟನೆಯದು. ಎಲ್ಲೋ ಕೆತ್ತಿ ಸಿದ್ಧಪಡಿಸಿ, ಗುರುತು ಹಾಕಿ ತಂದು ಇಲ್ಲಿ ಜೋಡಿಸಿದ್ದು. ಅಂದ ಮೇಲೆ ಗಾರೆ ಎಲ್ಲಿಂದ ಬರಬೇಕು? ಗಾರೆ ಬೇಕಾಗುವುದು ಕಲ್ಲಿನ ಸೊಟ್ಟ ಮುಚ್ಚಲು. ಇಲ್ಲಿ ಮುಚ್ಚುವಂಥ ಸೊಟ್ಟವನ್ನೇ ಅವರು ಉಳಿಸಿಲ್ಲ.

ಇನ್ನು ನೀರಿನ ಮಾತು. ನನ್ನ ಮಟ್ಟಿಗೆ ಇಡೀ ವಿದ್ಯೆಯ ತಿರುಳು ಅಲ್ಲೇ ಇದೆ, ಅದನ್ನು ಕಲಿತದ್ದು ಮಾತ್ರ ಪೆಟ್ಟು ತಿಂದು. ಗಂಗಾವತಿ ಕಡೆ ಗುಡ್ಡದ ಬುಡದಲ್ಲಿರುವ ನಮ್ಮ ಸೋದರಮಾವನ ಹೊಲದಲ್ಲಿ ಪಂಪಿನ ಮನೆಯ ಹಿಂದೆ ಮಣ್ಣು ಜಾರುತ್ತಿತ್ತು. ನಾನೇ ಮುಂದೆ ಬಿದ್ದು ಗುತ್ತಿಗೆದಾರರೊಬ್ಬರಿಂದ ಸೈಜುಗಲ್ಲಿನ ಗೋಡೆ ಕಟ್ಟಿಸಿದೆ. ಸಿಮೆಂಟು, ನೇರ ಮೈ, ಮೇಲೆ ಪಾಯಿಂಟಿಂಗು, ನೋಡಲು ಚೆಂದ. ಎರಡನೆಯ ವರ್ಷದ ಹಸ್ತ ಮಳೆಗೆ ಆ ಗೋಡೆ ಒಂದೇ ಹಲಗೆಯ ಹಾಗೆ ಮುಂದಕ್ಕೆ ಮಗುಚಿಕೊಂಡಿತು. ಹಿಂದಿನ ಮಣ್ಣು ಕುಡಿದ ನೀರು ಹೊರಬರಲು ಒಂದು ಕಿಂಡಿಯನ್ನೂ ಬಿಟ್ಟಿರಲಿಲ್ಲ. ಹತ್ತು ಮಾರು ಆಚೆ ಅಜ್ಜನ ಕಾಲದ ಕಲ್ಲೊಡ್ಡು ಅದೇ ಮಳೆಗೆ ಸಂದು ಸಂದಿನಿಂದ ನೀರು ಸೋರಿಸುತ್ತ ತಣ್ಣಗೆ ನಿಂತಿತ್ತು.

ಮತ್ತೆ ಕಟ್ಟಲು ಬಂದವರು ಪಕ್ಕದ ಊರಿನ ಮುದುಕರೊಬ್ಬರು. ತಂದ ಸಾಮಾನು ಒಂದು ಹಾರೆ, ಎರಡು ಸುತ್ತಿಗೆ, ಒಂದು ಉಂಡೆ ದಾರ. ಮೊದಲ ದಿನ ಬಿದ್ದ ಗೋಡೆಯ ಕಲ್ಲುಗಳಿಂದ ಸಿಮೆಂಟು ಕೆರೆದು ರಾಶಿ ವಿಂಗಡಿಸಿದ್ದಷ್ಟೇ: ದೊಡ್ಡವು, ಉದ್ದವು, ಚಪ್ಪಟೆಯವು, ಚೆಕ್ಕೆಗಳು. ನಾನು ಅವಸರ ತೋರಿಸಿದ್ದಕ್ಕೆ ತಲೆಯೆತ್ತದೆ ಅಂದರು: “ಕಲ್ಲಿಗೆ ಮಾರಿ ಇರ್ತೈತ್ರಿ, ಬಾಲ ಇರ್ತೈತ್ರಿ. ಮಾರಿ ಹೊರಗ, ಬಾಲ ಒಳಗ. ಚಂದ ಕಾಣ್ಲಿ ಅಂತ ಉದ್ದನ್ನ ಕಲ್ಲ ಅಡ್ಡ ಮಲಗ್ಸಿದ್ರ ಗ್ವಾಡಿ ನಿಂದ್ರೂದಿಲ್ಲ.” ಕೋಟೆಗೋಡೆಯ ಆ ಹಲ್ಲಿನ ಬೇರು ನನಗೆ ನೆನಪಾದದ್ದು ಆಗಲೇ. ಸಂದಿನ ಮೇಲೆ ಸಂದು ಬರದಂತೆ, ನಾಲ್ಕಾರು ಕಲ್ಲಿಗೊಂದು ಉದ್ದಗಲ್ಲು ಆಳಕ್ಕೆ ಹೋಗುವಂತೆ, ಅಲುಗಾಡುವ ಕಲ್ಲಿನಡಿಗೆ ಮುಂದಿನಿಂದಲ್ಲದೆ ಹಿಂದಿನಿಂದ ಚೆಕ್ಕೆ ಬಡಿದು ಅವರು ಒಂಬತ್ತು ದಿನದಲ್ಲಿ ಮುಗಿಸಿದರು. ಸಿಮೆಂಟಿನ ಗೋಡೆಗೆ ಖರ್ಚಾದದ್ದರ ಅರ್ಧವೂ ಆಗಲಿಲ್ಲ.

ಕೆರೆ ಏರಿಯ ನೀರಿನ ಮಗ್ಗುಲಿಗೆ ನಮ್ಮ ಹಿರಿಯರು ಹಾಸಿದ ಒಣಗಲ್ಲಿನದೂ ಇದೇ ಲೆಕ್ಕ. ಅಲೆಯ ಹೊಡೆತವನ್ನು ಕಲ್ಲು ತಿನ್ನುತ್ತದೆ. ಕೆರೆ ಇಳಿದಾಗ ಏರಿಯೊಳಗಿನ ನೀರು ಸಂದಿನಿಂದ ಹಿಂದಿರುಗಿ ಇಳಿದುಹೋಗುತ್ತದೆ, ಮಣ್ಣು ಮಾತ್ರ ಉಳಿಯುತ್ತದೆ. ತುಂಗಭದ್ರೆಗೆ ಅಡ್ಡಲಾಗಿ ವಿಜಯನಗರದವರು ಹೊಳೆಯ ಬಂಡೆಗಳಿಗೇ ಆನಿಸಿ ಗುಂಡು ಪೇರಿಸಿ ಕಟ್ಟಿದ ಒಡ್ಡುಗಳೂ ಇದೇ ಬಳಗ. ಅಂಥ ಒಡ್ಡಿನಿಂದ ಹೊರಟ ತುರ್ತು ಕಾಲುವೆಯ ನೀರು ಹಂಪಿಯ ಬಾಳೆತೋಟಗಳಿಗೆ ಇಂದಿಗೂ ಹರಿಯುತ್ತಿದೆ. ರಾಜಧಾನಿ 1565ರಲ್ಲಿ ರಕ್ಕಸಗಿ-ತಂಗಡಗಿಯ ಯುದ್ಧದೊಂದಿಗೆ ಬಿತ್ತು. ಕಾಲುವೆಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಈ ವಿದ್ಯೆಯನ್ನು ಮೈಯಲ್ಲಿ ಹೊತ್ತು ತಂದವರಲ್ಲಿ ಒಡ್ಡರು, ಭೋವಿಗಳು ಮುಖ್ಯರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮನನ್ನು ಈ ಸಮುದಾಯ ಗುರುವೆನ್ನುತ್ತದೆ. ನಮ್ಮ ಕೋಟೆ, ಕೆರೆ, ಬಾವಿಗಳ ಪಕ್ಕದ ಫಲಕಗಳಲ್ಲಿ ಕಟ್ಟಿಸಿದವರ ಹೆಸರಿದೆ, ಕಟ್ಟಿದವರದ್ದಿಲ್ಲ. 2018ರಲ್ಲಿ ಯುನೆಸ್ಕೊ ಒಣಗಲ್ಲಿನ ಗೋಡೆ ಕಟ್ಟುವ ಕಲೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕ್ರೊಯೇಷಿಯಾ, ಸೈಪ್ರಸ್, ಫ್ರಾನ್ಸ್, ಗ್ರೀಸ್, ಇಟಲಿ, ಸ್ಲೊವೇನಿಯಾ, ಸ್ಪೇನ್, ಸ್ವಿಟ್ಜರ್ಲೆಂಡ್ ಕೂಡಿ ಕೇಳಿ ಪಡೆದದ್ದು. 2024ರಲ್ಲಿ ಐರ್ಲೆಂಡ್, ಆಸ್ಟ್ರಿಯಾ ಸೇರಿ ಇನ್ನೈದು ದೇಶಗಳು ಕೂಡಿಕೊಂಡವು. ಹದಿಮೂರೂ ಯುರೋಪಿನ ಕಡೆಯವೇ. ಅವರಿಗೆ ಸಿಕ್ಕಿತೆಂದು ಹೊಟ್ಟೆಕಿಚ್ಚಿಲ್ಲ. ನಮ್ಮಲ್ಲಿ ಹೊಲದ ಬದುವಿನ ಕಲ್ಲು ಟ್ರ್ಯಾಕ್ಟರ್ ಏರಿ ಜಲ್ಲಿ ಕ್ರಷರಿಗೆ ಹೋಗುತ್ತಿದೆ, ಅದನ್ನು ಇಡಲು ಬಲ್ಲ ಕೈ ಬೆಂಗಳೂರಿನಲ್ಲಿ ಟೈಲ್ಸ್ ಅಂಟಿಸುತ್ತಿದೆ ಎಂಬುದಷ್ಟೇ ಸಂಕಟ.

ಒಣಗಲ್ಲು ಬೀಳುವುದೇ ಇಲ್ಲವೆಂದು ನಾನು ಹೇಳಲಾರೆ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿಯಿತು. ಬುಡದ ನೆಲ ನೆನೆದು ಸಡಿಲಾದರೆ ಎಂಥ ಕಟ್ಟಡವೂ ಕುಸಿದೀತು. ಆದರೆ ಬಿದ್ದ ಕಂಬ ಕಂಬವಾಗಿಯೇ ಉಳಿಯುತ್ತದೆ, ತೊಲೆ ತೊಲೆಯಾಗಿಯೇ. ಬಿದ್ದ ಕಾಂಕ್ರೀಟನ್ನು ಲಾರಿಗೆ ತುಂಬಿ ಊರಾಚೆ ಸುರಿದು ಬರಬೇಕು.

ಹಂಪಿಗೆ ಹೋದವರಲ್ಲಿ ಒಂದು ಕೋರಿಕೆ. ಸ್ವಂತ ಮನೆಯಾಗಲೆಂದು ಹರಕೆ ಹೊತ್ತು ಮಾಲ್ಯವಂತದಲ್ಲಿ, ಮಾತಂಗದ ದಾರಿಯಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ಪುಟ್ಟ ಮನೆ ಕಟ್ಟುವ ಪದ್ಧತಿ ಇದೆ. ಖಂಡಿತ ಕಟ್ಟಿ. ಅದಕ್ಕೆ ಬೇಕಾದ ಚೆಕ್ಕೆಗಳನ್ನು ಮಾತ್ರ ಕೋಟೆಗೋಡೆಯ ಸಂದಿನಿಂದ ಕೀಳಬೇಡಿ, ನೆಲದ ಮೇಲೆ ಬೇಕಾದಷ್ಟು ಬಿದ್ದಿವೆ.