ಬೆಂಗಳೂರಿನ ಕಸ, ದೊಡ್ಡಬಳ್ಳಾಪುರದ ನೀರು

ಬೆಂಗಳೂರಿನ ಕಸದ ಬುಟ್ಟಿಗೂ
ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಕಡೆಯ ಬೋರ್‌ವೆಲ್‌ಗೂ ಏನು ಸಂಬಂಧ?

ಇದೇ ತಾಲ್ಲೂಕಿನ ಗುಂಡ್ಲಹಳ್ಳಿ, ಚಿಗರೇನಹಳ್ಳಿಗಳ ಕಸ ಸಂಸ್ಕರಣಾ ಘಟಕಗಳಿಗೆ
ರಾಜಧಾನಿಯ ಕಸ ಲಾರಿಗಟ್ಟಲೆ ಬಂದಿದೆ.
ಹಸಿ ಕಸಕ್ಕೆ ಪ್ಲಾಸ್ಟಿಕ್ ಬೆರೆತರೆ ಒಳ್ಳೆ ಗೊಬ್ಬರ ಆಗಲ್ಲ,
ರಾಶಿ ಕೊಳೆಯುತ್ತೆ.
ಕಾಫಿ ಫಿಲ್ಟರ್ ನೋಡಿದ್ದೀರಲ್ಲ?
ಮೇಲೆ ಸುರಿದ ನೀರು ಪುಡಿಯ ಸಾರ ಹೀರಿ ಕೆಳಗಿಳಿಯುತ್ತೆ.
ಕಸದ ರಾಶಿಗೆ ಮಳೆ ಬಿದ್ದರೂ ಹಾಗೇ.
ತಡೆ ಇಲ್ಲದಿದ್ದರೆ, ಆ ಕಪ್ಪು ರಸ ಅಂತರ್ಜಲ ಸೇರುತ್ತೆ.
ಅಲ್ಲಿನ ಹಳ್ಳಿಯವರು ಈ ಘಟಕಗಳ ವಿರುದ್ಧ ಧರಣಿ ಕೂತಿದ್ದು ಅದಕ್ಕೇ.

"ಎಲ್ಲೋ ಒಂದು ಕಡೆ ಹಾಕಲೇಬೇಕಲ್ವಾ?" ಅಂತೀರಿ.
ಹಾಕಬೇಕು, ನಿಜ.
ಆದರೆ ಆ 'ಎಲ್ಲೋ' ಕೂಡ ಯಾರದೋ ಊರು.
ಶುದ್ಧ ನೀರು, ಶುದ್ಧ ಗಾಳಿ ಬದುಕುವ ಹಕ್ಕಿನ ಭಾಗ ಅಂತ
ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ.
ಪರಿಸರ ಕಾಪಾಡೋದು ಪ್ರತಿ ನಾಗರಿಕರ ಕರ್ತವ್ಯ ಅಂತ
ಸಂವಿಧಾನದ 51ಎ ವಿಧಿ ಹೇಳುತ್ತೆ.
ಆ ಹಳ್ಳಿಯ ಹಕ್ಕು ಉಳಿಯಬೇಕಾದರೆ
ನಗರದ ಮನೆಯಲ್ಲಿ ಕಸ ವಿಂಗಡಿಸಿ ಈ ಕರ್ತವ್ಯ ಮಾಡಬೇಕು.

"ವಿಂಗಡಿಸಿ ಕೊಟ್ಟರೂ ಲಾರಿಯಲ್ಲಿ ಬೆರೆಸ್ತಾರೆ" ಅನ್ನೋ ದೂರೂ ಇದೆ.
ಬೆರೆಸಿದರೆ ಬಿಡಬೇಡಿ, ಪಾಲಿಕೆಯನ್ನು ಕೇಳಿ.
ಹಸಿ, ಒಣ, ಅಪಾಯಕಾರಿ ಅಂತ
ಮನೆಯಲ್ಲೇ ಬೇರೆ ಮಾಡಿಕೊಡಿ ಎಂದು
2016ರ ಘನತ್ಯಾಜ್ಯ ನಿರ್ವಹಣೆ ನಿಯಮವೇ ಹೇಳಿತ್ತು.
ಬೇರೆ ಮಾಡಿ ಕೊಟ್ಟವರ ಪ್ರಶ್ನೆಗೆ
ಅಧಿಕಾರಿಗಳು ಉತ್ತರ ಕೊಡಲೇಬೇಕು.