ಮೋಟಾರ್ ಎತ್ತುವ ಮೊದಲು ಫ್ಯೂಸ್ ನೋಡು!

ಆನ್‌ಲೈನ್ ಪರೀಕ್ಷೆ ಶುರುವಾಗಿ ಸರಿಯಾಗಿ 23 ನಿಮಿಷವಾಗಿತ್ತು. ಎರಡು ನಲ್ಲಿಗಳು ಸೇರಿ ಒಂದು ತೊಟ್ಟಿಯನ್ನು ಎಷ್ಟು ಹೊತ್ತಿನಲ್ಲಿ ತುಂಬುತ್ತವೆ ಎಂಬ ಹಳೇ ಲೆಕ್ಕ. ಉತ್ತರ ಸಿಕ್ಕಿತ್ತು, ಕ್ಲಿಕ್ ಮಾಡುವುದೊಂದೇ ಬಾಕಿ. ಅಷ್ಟರಲ್ಲಿ ಪರದೆ ಪೂರ್ತಿ ನೀಲಿಯಾಯಿತು. ಮೇಲೊಂದು ಸಪ್ಪೆ ಮೋರೆಯ ಚಿಹ್ನೆ. ಲ್ಯಾಪ್‌ಟಾಪ್ ತಾನೇ ಆರಿ, ಮತ್ತೆ ಎದ್ದು, ನಾನು ಲಾಗಿನ್ ಆಗುವಷ್ಟರಲ್ಲಿ ಪರೀಕ್ಷೆಯ ಬಾಗಿಲು ಮುಚ್ಚಿತ್ತು. ಮೊದಲ ಕೆಲಸದ ಕನಸು ಹೀಗೆ ನೀಲಿ ಬಣ್ಣದಲ್ಲಿ ಮುಳುಗಿತು.

ಅದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಬಿಸಿಎ ಎರಡನೇ ವರ್ಷದಲ್ಲಿದ್ದಾಗ ಅಪ್ಪ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರಿ ಬಂದ ದುಡ್ಡಲ್ಲಿ 18 ಸಾವಿರ ಕೊಟ್ಟು ಕೊಡಿಸಿದ್ದು. ವರ್ಷ ಚೆನ್ನಾಗೇ ಇತ್ತು. ಫೈನಲ್ ಇಯರ್ ಪ್ರಾಜೆಕ್ಟ್ ಶುರುವಾದ ಮೇಲೆ ಅದಕ್ಕೂ ಭಯ ಹತ್ತಿತೋ ಏನೋ, ದಿನಕ್ಕೊಮ್ಮೆ ಬೀಳತೊಡಗಿತು. ರಿಪೇರಿ ಅಂಗಡಿಯಲ್ಲಿ ‘ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ’ ಅಂದರು. ಎರಡು ಸಲ ಫಾರ್ಮ್ಯಾಟ್ ಆಯಿತು, ಸಾವಿರ ರೂಪಾಯಿ ಖರ್ಚಾಯಿತು. ಎರಡು ದಿನ ಸುಮ್ಮನಿದ್ದು ಮತ್ತೆ ಅದೇ ರಾಗ. ಪರೀಕ್ಷೆ ಕೈತಪ್ಪಿದ ಮೇಲೆ ಮೂರನೇ ಸಲ ಹೋದಾಗ, ‘ಮದರ್‌ಬೋರ್ಡ್ ಹೋಗಿದೆ, ಒಂಬತ್ತು ಸಾವಿರ ಆಗುತ್ತೆ’ ಎಂಬ ಉತ್ತರ ಬಂತು.

ಇನ್ನೊಂದು ಕಂಪನಿಯ ಪರೀಕ್ಷೆಗೆ ಉಳಿದಿದ್ದು ಮೂರೇ ವಾರ. ಹಾಸ್ಟೆಲ್‌ನ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದೆ. ಒಂಬತ್ತು ಸಾವಿರ ಅಂದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದರು: ‘ಅಲ್ಲವ್ವಾ, ಬೋರ್‌ವೆಲ್ ನಿಂತ್ರೆ ನಾವು ಮೊದ್ಲೇ ಮೋಟ್ರು ಎತ್ತಿಸ್ತೀವಾ? ಕರೆಂಟ್ ಐತಾ ನೋಡ್ತೀವಿ, ಫ್ಯೂಸ್ ನೋಡ್ತೀವಿ, ಸ್ಟಾರ್ಟ್ರು ನೋಡ್ತೀವಿ, ವೈರ್ ನೋಡ್ತೀವಿ. ಎಲ್ಲಾ ಸರಿ ಇದ್ರೆ ಆಮೇಲೆ ಮೋಟ್ರು. ಆ ಅಂಗಡಿಯೋರು ಫ್ಯೂಸ್ ನೋಡಿದ್ರಾ?’

ಅಪ್ಪನಿಗೆ ಲ್ಯಾಪ್‌ಟಾಪ್ ಆನ್ ಮಾಡಲೂ ಬರುವುದಿಲ್ಲ. ಆದರೆ ಮೂರು ವರ್ಷ ಕಂಪ್ಯೂಟರ್ ಓದಿದ ನನಗೆ ಹೊಳೆಯದ ಪ್ರಶ್ನೆಯನ್ನು ಅವರು ಕೇಳಿದ್ದರು.

<b>ಮೊದಲು ಪುಸ್ತಕ, ಆಮೇಲೆ ಸ್ಕ್ರೂಡ್ರೈವರ್</b>

ಅಂದೇ ಪ್ರಾಜೆಕ್ಟನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡೆ. ನಿಮ್ಮ ಲ್ಯಾಪ್‌ಟಾಪ್ ಹೀಗೆ ಆಡುತ್ತಿದ್ದರೆ ನೀವೂ ಮೊದಲು ಅದನ್ನೇ ಮಾಡಿ. ಆಮೇಲೆ ಹಳೇ ನೋಟ್‌ಬುಕ್‌ನ ಕೊನೆಯ ಹಾಳೆಯಲ್ಲಿ ಗೆರೆ ಎಳೆದೆ. ಬಿದ್ದ ಸಮಯ, ಆಗ ಏನೇನು ತೆರೆದಿತ್ತು, ಚಾರ್ಜರ್ ಹಾಕಿತ್ತೇ, ಬಿಸಿ ಇತ್ತೇ, ನೀಲಿ ಪರದೆಯಲ್ಲಿ ಏನು ಬರೆದಿತ್ತು. ಆ ಬರಹ ಓದುವ ಮೊದಲೇ ಮಾಯವಾಗುತ್ತಿದ್ದರೆ, ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ಗೆ ಹೋಗಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಟಿಕ್ ತೆಗೆಯಿರಿ. ಪರದೆ ನಿಲ್ಲುತ್ತದೆ, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಬಹುದು.

ಒಂದು ವಾರದಲ್ಲಿ ಒಂಬತ್ತು ಸಲ ಬಿತ್ತು. ಹಾಳೆ ನೋಡಿದರೆ, ಐದು ಸಲ ಚಾರ್ಜರ್ ಹಾಕಿತ್ತು, ನಾಲ್ಕು ಸಲ ಹಾಕಿರಲಿಲ್ಲ. ಹಾಗಾದರೆ ಚಾರ್ಜರ್, ಬ್ಯಾಟರಿ ಮೇಲಿನ ಅನುಮಾನ ಕಡಿಮೆಯಾಯಿತು. ಒಮ್ಮೆ ಬೆಳಗಿನ ಚಳಿಯಲ್ಲಿ ಆನ್ ಮಾಡಿದ ಹತ್ತೇ ನಿಮಿಷಕ್ಕೆ ಬಿದ್ದಿತ್ತು. ಅಂದರೆ ಬಿಸಿಯೂ ಅಲ್ಲ. ಆದರೆ ಒಂಬತ್ತೂ ಸಲ ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ಮತ್ತು ಪ್ರಾಜೆಕ್ಟ್ ಸಾಫ್ಟ್‌ವೇರ್ ಒಟ್ಟಿಗೆ ತೆರೆದಿದ್ದವು. ಇನ್ನೊಂದು ವಿಚಿತ್ರ: ನೀಲಿ ಪರದೆಯ ಮೇಲಿನ ಹೆಸರು ಒಂದೇ ಇರಲಿಲ್ಲ. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’, ಇನ್ನೊಮ್ಮೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ಮತ್ತೊಮ್ಮೆ ಬೇರೆಯೇ.

<b>ಖರ್ಚಿಲ್ಲದ್ದು ಮೊದಲು</b>

ಅಪ್ಪನ ಕ್ರಮದಂತೆ ಖರ್ಚಿಲ್ಲದ, ಬಿಚ್ಚಬೇಕಿಲ್ಲದ ಪರೀಕ್ಷೆಗಳಿಂದ ಶುರು ಮಾಡಿದೆ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ವಿಂಡೋಸ್ ಇಟ್ಟುಕೊಂಡ ದಿನಚರಿಯೇ ತೆರೆದುಕೊಳ್ಳುತ್ತದೆ. ಯಾವ ದಿನ ಏನು ಬಿತ್ತು, ಅದಕ್ಕೆ ಮೊದಲು ಯಾವ ಅಪ್‌ಡೇಟ್ ಬಂದಿತ್ತು, ಎಲ್ಲ ಅದರಲ್ಲಿದೆ. ‘ಇವೆಂಟ್ ವ್ಯೂವರ್’ನಲ್ಲಿ ‘ಕರ್ನಲ್ ಪವರ್ 41’ ಎಂಬ ಕೆಂಪು ಗುರುತು ಕಂಡು, ಪವರ್ ಸಮಸ್ಯೆ ಸಿಕ್ಕೇಬಿಟ್ಟಿತು ಎಂದು ಕುಣಿದೆ. ಆಮೇಲೆ ತಿಳಿಯಿತು, ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಗಿದೆ ಎಂದಷ್ಟೇ ಅದರ ಅರ್ಥ. ‘ಆಳು ಬಿದ್ದ’ ಎಂದು ಹೇಳುತ್ತದೆಯೇ ಹೊರತು ಯಾಕೆ ಬಿದ್ದ ಎಂದು ಹೇಳುವುದಿಲ್ಲ.

ನಂತರ ಉಷ್ಣತೆ ತೋರಿಸುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿದೆ, ಹದದಲ್ಲೇ ಇತ್ತು. ‘ಕ್ರಿಸ್ಟಲ್ ಡಿಸ್ಕ್ ಇನ್ಫೊ’ದಲ್ಲಿ ಡಿಸ್ಕ್ ಆರೋಗ್ಯ ‘ಗುಡ್’ ಎಂದು ಬಂತು. ಕಮಾಂಡ್ ಪ್ರಾಂಪ್ಟ್‌ನಿಂದ ಸಿಸ್ಟಮ್ ಫೈಲ್‌ಗಳನ್ನು ತಪಾಸಣೆ ಮಾಡಿಸಿದೆ, ತಪ್ಪಿರಲಿಲ್ಲ. ಡ್ರೈವರ್‌ಗಳ ಮೇಲೂ ಕಣ್ಣಿತ್ತು. ಆದರೆ ಒಂದೇ ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಹೆಸರು ಮತ್ತೆ ಮತ್ತೆ ಬರುತ್ತದೆ. ದಿನಕ್ಕೊಂದು ಹೆಸರು ಬರುತ್ತಿದ್ದರೆ ಅನುಮಾನ ಪಡಬೇಕಾದದ್ದು ರ‍್ಯಾಮ್ ಮೇಲೆ.

ವಿಂಡೋಸ್‌ನಲ್ಲೇ ಇರುವ ‘ಮೆಮೊರಿ ಡಯಾಗ್ನಾಸ್ಟಿಕ್’ ಓಡಿಸಿದೆ. ದೋಷವಿಲ್ಲ ಎಂದಿತು! ಅಲ್ಲಿಗೇ ಕೈಬಿಡುತ್ತಿದ್ದೆ. ಆದರೆ ಅದು ಚುಟುಕು ಪರೀಕ್ಷೆ, ಕೆಲವು ದೋಷಗಳು ಅದರ ಕಣ್ಣು ತಪ್ಪಿಸಬಹುದು ಎಂದು ಕಾಲೇಜಿನ ಲ್ಯಾಬ್ ಸರ್ ಹೇಳಿದರು. ರೂಮ್‌ಮೇಟ್‌ಳ ಪೆನ್‌ಡ್ರೈವ್‌ಗೆ ‘ಮೆಮ್‌ಟೆಸ್ಟ್ 86’ ಹಾಕಿಕೊಂಡು, ಅದರಿಂದಲೇ ಲ್ಯಾಪ್‌ಟಾಪ್ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆ ತುಂಬ ಕೆಂಪು ಸಾಲುಗಳು. ದೋಷ ಕಂಡು ಅಷ್ಟು ಖುಷಿಪಟ್ಟವಳು ಹಾಸ್ಟೆಲ್‌ನಲ್ಲಿ ನಾನೊಬ್ಬಳೇ ಇರಬೇಕು.

<b>ಅಟ್ಟದ ಹಲಗೆ</b>

ಆಗ ಎಲ್ಲವೂ ತಾಳೆಯಾಯಿತು. ನಮ್ಮ ಕಡೆ ಕೊಬ್ಬರಿಗೆಂದು ತೆಂಗಿನಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಮೂಲೆಯ ಒಂದು ಹಲಗೆಗೆ ಗೆದ್ದಲು ಹಿಡಿದಿದ್ದರೆ, ಅಟ್ಟ ಅರ್ಧ ಖಾಲಿ ಇರುವಾಗ ಗೊತ್ತಾಗುವುದಿಲ್ಲ. ಆ ಮೂಲೆಗೂ ಕಾಯಿ ಬಿದ್ದ ದಿನ ಹಲಗೆ ಮುರಿಯುತ್ತದೆ. ರ‍್ಯಾಮ್ ಕೂಡ ಹಾಗೆಯೇ. ನಾಲ್ಕು ಕಡತ ತೆರೆದರೆ ಕೆಟ್ಟ ಜಾಗದವರೆಗೆ ಹೋಗದೇ ಇರಬಹುದು, ನಲವತ್ತು ತೆರೆದರೆ ಹೋಗೇ ಹೋಗುತ್ತದೆ. ಪರೀಕ್ಷೆಯ ದಿನವೂ ಕ್ಯಾಮೆರಾ, ಬ್ರೌಸರ್, ನಿಗಾ ಇಡುವ ಸಾಫ್ಟ್‌ವೇರ್ ಎಲ್ಲ ಒಟ್ಟಿಗೆ ಓಡುತ್ತಿದ್ದವು. ಹಲಗೆ ಕೆಟ್ಟಿರುವಾಗ ಗೋಡೆಗೆ ಸುಣ್ಣ ಬಳಿದಂತೆ ಎರಡು ಸಲ ಫಾರ್ಮ್ಯಾಟ್ ಮಾಡಿಸಿದ್ದೆ!

ನನ್ನ ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ಜಿಬಿಯ ಎರಡು ರ‍್ಯಾಮ್‌ಗಳಿದ್ದವು. ಲ್ಯಾಬ್ ಸರ್ ಎದುರಲ್ಲೇ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಹಿಂಬದಿ ಬಿಚ್ಚಿ ಬ್ಯಾಟರಿಯ ಸಂಪರ್ಕ ಕಳಚಿದೆವು. ಮೈಯಲ್ಲಿನ ಸ್ಥಿರ ವಿದ್ಯುತ್ ಹೋಗಲೆಂದು ಲೋಹವನ್ನು ಮುಟ್ಟಿ ಆಮೇಲೆ ಕೈ ಹಾಕಿದೆವು. ಒಂದನ್ನು ತೆಗೆದು ಇನ್ನೊಂದನ್ನು ಮಾತ್ರ ಇಟ್ಟು ಪರೀಕ್ಷೆ, ಮತ್ತೆ ಅದಲು ಬದಲು. ಕೆಟ್ಟದ್ದು ರ‍್ಯಾಮೋ, ಅದು ಕೂರುವ ಸ್ಲಾಟೋ ತಿಳಿಯಲು ಜಾಗ ಬದಲಿಸಿಯೂ ನೋಡಿದೆವು. ಎಲ್ಲಿ ಇಟ್ಟರೂ ಒಂದೇ ರ‍್ಯಾಮ್ ಕೆಂಪು ಸಾಲು ಕೊಟ್ಟಿತು. ಅದನ್ನು ತೆಗೆದಿಟ್ಟೆ. ಮದರ್‌ಬೋರ್ಡ್ ಗಟ್ಟಿಯಾಗಿತ್ತು. ಅದೇ ಜಾತಿಯ ಹಳೇ ರ‍್ಯಾಮ್ ಒಂದನ್ನು ಬೆಂಗಳೂರಿನಲ್ಲಿರುವ ಅಣ್ಣ ಎಸ್‌ಪಿ ರಸ್ತೆಯಲ್ಲಿ ಹುಡುಕಿ ಕಳಿಸಿದ. 900 ರೂಪಾಯಿ. ಅದನ್ನೂ ಒಂದು ರಾತ್ರಿ ಪರೀಕ್ಷಿಸಿಯೇ ನಂಬಿದೆ.

<b>ನಿಮ್ಮದು ಬೇರೆ ಇರಬಹುದು</b>

ಎಲ್ಲರ ಲ್ಯಾಪ್‌ಟಾಪ್‌ಗೂ ರ‍್ಯಾಮೇ ಕಾರಣವಲ್ಲ. ನೀಲಿ ಪರದೆಯೂ ಬಾರದೆ, ಫ್ಯಾನ್ ಜೋರಾಗಿ ಕೂಗಿ ದೀಪ ಆರಿದಂತೆ ಆರಿಹೋದರೆ ಬಿಸಿ ಮತ್ತು ಧೂಳಿನ ಕಡೆ ನೋಡಿ. ಚಾರ್ಜರ್ ತೆಗೆದ ಕೂಡಲೇ ಆರಿದರೆ ಬ್ಯಾಟರಿ. ಹೊಸ ಅಪ್‌ಡೇಟ್ ಬಂದ ಮೇಲೆ ಶುರುವಾಗಿ, ಒಂದೇ ಹೆಸರು ಬರುತ್ತಿದ್ದರೆ ಡ್ರೈವರ್. ಫೈಲ್ ತೆರೆಯಲು ಯುಗ ಹಿಡಿದು, ನಡುವೆ ಹೆಪ್ಪುಗಟ್ಟಿದರೆ ಡಿಸ್ಕ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ವಾರಂಟಿ ಇದ್ದರೆ ಬಿಚ್ಚಬೇಡಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ, ಅದು ಅನುಭವಿಗಳ ಕೆಲಸ. ಆದರೆ ಅಂಗಡಿಗೆ ಹೋಗುವಾಗಲೂ ನಿಮ್ಮ ಹಾಳೆ ಒಯ್ಯಿರಿ. ‘ಆಗಾಗ ಆಫ್ ಆಗುತ್ತೆ’ ಅನ್ನುವವರಿಗೂ, ‘ಹೀಗೆ ಹೀಗೆ ಮಾಡಿದಾಗ ಒಂಬತ್ತು ಸಲ ಆಯಿತು’ ಅನ್ನುವವರಿಗೂ ಸಿಗುವ ಉತ್ತರ ಬೇರೆ.

ಎರಡನೇ ಕಂಪನಿಯ ಪರೀಕ್ಷೆ 90 ನಿಮಿಷದ್ದು. 23ನೇ ನಿಮಿಷಕ್ಕೆ ಕೈ ಬೆವರಿತು. 24 ಆಯಿತು, 60 ಆಯಿತು, ಪರದೆ ಅಲ್ಲಾಡಲಿಲ್ಲ. ಪಾಸಾಗಿ ಸಂದರ್ಶನಕ್ಕೂ ಹೋದೆ. ‘ನೀವೇ ಬಿಡಿಸಿದ ಒಂದು ಸಮಸ್ಯೆ ಹೇಳಿ’ ಎಂದರು. ಪ್ರಾಜೆಕ್ಟ್ ಬಿಟ್ಟು ಈ ಕಥೆಯನ್ನೇ ಹೇಳಿದೆ. ಫಲಿತಾಂಶ ಇನ್ನೂ ಬಂದಿಲ್ಲ.

ಕಳೆದ ವಾರ ಊರಿಗೆ ಹೋಗಿದ್ದಾಗ ಬೋರ್‌ವೆಲ್ ನಿಂತಿತ್ತು. ಅಪ್ಪ ಟಾರ್ಚ್ ಹಿಡಿದು ಹೊರಟವರು ತಿರುಗಿ ನೋಡಿ, ‘ಬಾರವ್ವಾ, ನಿನ್ನ ಪುಸ್ತಕನೂ ತಗೊಂಡು ಬಾ’ ಅಂದರು. ನೋಡಿದರೆ ಬರೀ ಫ್ಯೂಸ್ ಹೋಗಿತ್ತು.