ಮನೆಯ ಕಾರು ಟ್ರ್ಯಾಕಿಗೆ ಹೊರಟಾಗ

ನನ್ನ ಅಣ್ಣನ ಮಗನಿಗೆ ಒಂದು ಹಳೆಯ ಮಾರುತಿ ಎಸ್ಟೀಮ್ ಕಾರು ಸಿಕ್ಕಿತು. ಸಿಕ್ಕ ಎರಡನೆಯ ಭಾನುವಾರವೇ ಅದನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ, “ಚಿಕ್ಕಪ್ಪ, ಇದನ್ನು ಟ್ರ್ಯಾಕಿನ ಕಾರು ಮಾಡಿಬಿಡೋಣ. ಎಂಜಿನ್ನಿನಿಂದ ಶುರು ಮಾಡಲೇ?” ಎಂದ. ಅವನ ಹಿಂದೆಯೇ ಬಂದ ನಮ್ಮ ಅತ್ತಿಗೆ, “ನೀವಾದರೂ ಅವನಿಗೆ ಬುದ್ಧಿ ಹೇಳಿ” ಎಂದರು. ಇಬ್ಬರಿಗೂ ಅಂದು ಹೇಳಿದ್ದನ್ನೇ ಇಲ್ಲಿ ತುಸು ವಿವರವಾಗಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ ಉಪಯೋಗಕ್ಕೆ ಬಂದೀತು.

ಟ್ರ್ಯಾಕ್ ದಿನ ಎಂದರೆ ಪಂದ್ಯವಲ್ಲ. ಶುಲ್ಕ ಕೊಟ್ಟವರು ತಮ್ಮ ಸ್ವಂತ ಕಾರನ್ನು ಮುಚ್ಚಿದ ಹಾದಿಯಲ್ಲಿ, ಎದುರಿಗೆ ಲಾರಿ ಬರುವ ಭಯವಿಲ್ಲದೆ, ಕೈಲಾದಷ್ಟು ವೇಗವಾಗಿ ಓಡಿಸುವ ದಿನ. ಬೆಂಗಳೂರಿನವರಿಗೆ ಇಂಥ ಹಾದಿಗಳೆರಡು ತಕ್ಕಮಟ್ಟಿಗೆ ಹತ್ತಿರದಲ್ಲಿವೆ. ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ಶ್ರೀಪೆರುಂಬುದೂರು ದಾಟಿದರೆ ಇರುಂಗಾಟ್ಟುಕೋಟ್ಟೈಯ ಹಾದಿ ಸಿಗುತ್ತದೆ, ಉದ್ದ 3.7 ಕಿಲೋಮೀಟರಿಗೆ ತುಸು ಹೆಚ್ಚು. ಇನ್ನೊಂದು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ಸುಮಾರು 2.1 ಕಿಲೋಮೀಟರ್. ಇವು ಹುಟ್ಟುವ ಮುನ್ನ ಮದರಾಸಿನ ಬಳಿಯ ಷೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆಯೇ ಕಾರುಗಳು ಓಡುತ್ತಿದ್ದವು. ಕೊಯಮತ್ತೂರಿನ ಹಾದಿಗೆ ಹೆಸರು ಕೊಟ್ಟ ಎಸ್. ಕರಿವರ್ಧನ್ ಅವರು ಮಾರುತಿ 800ರ ಪುಟ್ಟ ಎಂಜಿನ್ನನ್ನೇ ಇಟ್ಟು ಒಂಟಿಸೀಟಿನ ಪಂದ್ಯದ ಕಾರು ರಚಿಸಿದವರು. ಮನೆಗೆಲಸದ ಎಂಜಿನ್ನಿಗೆ ಅಂಥ ಯೋಗವೂ ಉಂಟು ಎಂಬುದಕ್ಕೆ ಇದೊಂದು ಸಾಕ್ಷಿ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಎಂಜಿನ್ನಿನಿಂದ ಶುರುಮಾಡಲೇ ಎಂದರೆ, ಬೇಡ, ಅದು ಕೊನೆಯ ಮಾತು. ಮೊದಲು ಬ್ರೇಕು.

ಏಕೆಂದು ಒಂದು ಲೆಕ್ಕ ಹಾಕಿ ನೋಡೋಣ. ಎಸ್ಟೀಮ್ ಕಾರು, ಅದರೊಳಗೆ ಒಬ್ಬ ಮನುಷ್ಯ, ತುಸು ಪೆಟ್ರೋಲು, ಒಟ್ಟು 970 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ನೇರ ಹಾದಿಯ ಕೊನೆಯಲ್ಲಿ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿರುವ ಇದನ್ನು ತಿರುವಿಗಾಗಿ 60ಕ್ಕೆ ಇಳಿಸಬೇಕು. ಆಗ ಬ್ರೇಕುಗಳು ನುಂಗಬೇಕಾದ ಶಕ್ತಿ ಸುಮಾರು ಆರು ಲಕ್ಷ ಜೂಲ್. ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಎರಡು ಲೀಟರ್ ನಲ್ಲಿ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ. ನಿಮ್ಮ ಒಲೆ ಅದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ನಿಮಗೇ ಗೊತ್ತು. ಬ್ರೇಕಿಗೆ ಸಿಗುವುದು ಮೂರು ನಾಲ್ಕು ಸೆಕೆಂಡು. ಅದರಲ್ಲಿ ದೊಡ್ಡ ಪಾಲು ಮುಂದಿನ ಎರಡು ಚಕ್ರಗಳದು, ಏಕೆಂದರೆ ಬ್ರೇಕು ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ತಿರುವಿನಲ್ಲಿ ಮತ್ತೆ ಇದೇ. ಊರಿನಲ್ಲಿ ಇಡೀ ದಿನ ಓಡಾಡಿದರೂ ಬ್ರೇಕಿಗೆ ಇಂಥ ಗತಿ ಬರುವುದಿಲ್ಲ.

ಈ ಶಾಖ ಪ್ಯಾಡಿನಿಂದ ಕ್ಯಾಲಿಪರಿಗೆ, ಅಲ್ಲಿಂದ ಮೇಸ್ತ್ರಿಗಳು ಬ್ರೇಕ್ ಆಯಿಲ್ ಎನ್ನುವ ದ್ರವಕ್ಕೆ ಇಳಿಯುತ್ತದೆ. ಈ ದ್ರವಕ್ಕೊಂದು ಕೆಟ್ಟ ಗುಣವಿದೆ: ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದೇ ಅಂಕಿಗಳು 230 ಮತ್ತು 155. ಕುದಿದರೆ ಏನಾಯಿತು ಎನ್ನುವಿರಾ? ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯ ಗುಳ್ಳೆಯನ್ನು ಕುಗ್ಗಿಸಬಹುದು. ನೀವು ಪೆಡಲು ಒತ್ತಿದಾಗ ಗುಳ್ಳೆ ಕುಗ್ಗುತ್ತದೆ, ಪೆಡಲು ನೆಲ ಮುಟ್ಟುತ್ತದೆ, ಕಾರು ಮಾತ್ರ ಹೋಗುತ್ತಲೇ ಇರುತ್ತದೆ. ಒಮ್ಮೆ ನನ್ನ ಗೆಳೆಯರ ಕಾರಿನಲ್ಲಿ ಪಕ್ಕದಲ್ಲಿ ಕುಳಿತಿದ್ದಾಗ ಇದೇ ಆಯಿತು. ಅವರು ಪೆಡಲನ್ನು ಎರಡು ಮೂರು ಸಲ ತುಳಿದು, ಗೇರು ಇಳಿಸಿ, ಮಣ್ಣಿನ ಅಂಚಿಗೆ ಹಾಯಿಸಿ ಹೇಗೋ ನಿಲ್ಲಿಸಿದರು. ಆ ದ್ರವವನ್ನು ಬದಲಿಸಿ ಮೂರು ವರ್ಷವಾಗಿತ್ತೆಂದು ಆಮೇಲೆ ತಿಳಿಯಿತು.

ಆದಕಾರಣ ಮೊದಲ ಖರ್ಚು ಹೊಸ ಡಾಟ್ 4 ಅಥವಾ ಅದಕ್ಕೂ ಮೇಲಿನ 5.1 ದ್ರವ, ಹೆಚ್ಚು ಶಾಖ ತಡೆಯುವ ಪ್ಯಾಡು, ಬಿರುಕಿಲ್ಲದ ಡಿಸ್ಕು ಮತ್ತು ರಬ್ಬರು ಕೊಳವೆಗಳು. ಬರಿಯ ಡಾಟ್ 5 ಎಂಬುದು ಸಿಲಿಕೋನ್ ದ್ರವ. ಹೆಸರು ನೋಡಿ ಮೋಸಹೋಗಿ ಹಳೆಯದರೊಂದಿಗೆ ಬೆರೆಸಬೇಡಿ. ಕೆಲವು ಸುತ್ತಾದ ಮೇಲೆ ಒಂದು ಸುತ್ತು ನಿಧಾನವಾಗಿ ಓಡಿಸಿ ಬ್ರೇಕಿಗೆ ಗಾಳಿ ಕೊಡಿ. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕು ಎಳೆಯದೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.

ಎರಡನೆಯದು ಟೈರು. ಬಿಸಿಯಾದಂತೆ ಅದರ ಗಾಳಿಯ ಒತ್ತಡ ಐದಾರು ಪೌಂಡು ಏರುವುದುಂಟು. ಆದ್ದರಿಂದ ನಾಲ್ಕಾರು ಸುತ್ತು ಓಡಿಸಿ ಬಂದ ಕೂಡಲೆ ಅಳೆದು ಸರಿಪಡಿಸಬೇಕು. ಟೈರಿನ ಅಂಚಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿ. ಗೆರೆ ಪಕ್ಕದವರೆಗೂ ಅಳಿಸಿಹೋಗಿದ್ದರೆ ತಿರುವಿನಲ್ಲಿ ಟೈರು ಮಗುಚುತ್ತಿದೆ ಎಂದರ್ಥ. ಗಾಳಿ ಸಾಲದು, ಇಲ್ಲವೆ ಚಕ್ರದ ಓರೆ ಸಾಲದು. ಈ ಓರೆಗೆ ಕ್ಯಾಂಬರ್ ಎನ್ನುತ್ತಾರೆ. ಚಕ್ರದ ಮೇಲ್ಭಾಗವನ್ನು ಎರಡು ಮೂರು ಡಿಗ್ರಿ ಒಳಕ್ಕೆ ಬಾಗಿಸಿದರೆ, ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಟೈರು ನೆಲದ ಮೇಲೆ ಪೂರ್ತಿ ಕೂರುತ್ತದೆ. ಅದೇ ಓರೆಯಲ್ಲಿ ಊರೆಲ್ಲ ಸುತ್ತಿದರೆ ಟೈರಿನ ಒಳ ಅಂಚು ಬೇಗ ಸವೆದುಹೋಗುತ್ತದೆ. ಬೀದಿಯ ಕಾರೂ ಟ್ರ್ಯಾಕಿನ ಕಾರೂ ಬೇರೆಯಾಗತೊಡಗುವುದು ಇಲ್ಲಿಂದ. ಗಡುಸಾದ ಸ್ಪ್ರಿಂಗು, ಅದಕ್ಕೆ ಹೊಂದುವ ಷಾಕ್ ಅಬ್ಸಾರ್ಬರು ಹಾಕಿದ ಮೇಲಂತೂ ನಮ್ಮ ಬೀದಿಯ ಹಂಪುಗಳು ಬೆನ್ನುಮೂಳೆಯ ಲೆಕ್ಕ ತೆಗೆಯುತ್ತವೆ.

ಮೂರನೆಯದು ಭಾರ ಇಳಿಸುವುದು. ಇದಕ್ಕೆ ಹಣ ಬೇಡ, ಸ್ಪ್ಯಾನರು ಸಾಕು. ಲೋಟಸ್ ಕಾರುಗಳ ಕಾಲಿನ್ ಚಾಪ್ಮನ್ 1948ರಲ್ಲಿ ಕಟ್ಟಿದ ತಮ್ಮ ಮೊದಲ ಕಾರಿಗೆ ಆಧಾರ ಒಂದು ಹಳೆಯ ಆಸ್ಟಿನ್ ಸೆವೆನ್. ಹಗುರವಾದ ಕಾರೇ ಒಳ್ಳೆಯ ಕಾರು ಎಂಬ ಹಟವನ್ನು ಅವರು ಜೀವಮಾನವಿಡೀ ಬಿಡಲಿಲ್ಲ. ಹಿಂದಿನ ಸೀಟು, ಸ್ಟೆಪ್ನಿ, ಜಾಕು, ನೆಲದ ಹಾಸು, ಧ್ವನಿಪೆಟ್ಟಿಗೆ ಇವನ್ನೆಲ್ಲ ತೆಗೆದರೆ ಹೆಚ್ಚುಕಡಮೆ ಒಬ್ಬ ಮನುಷ್ಯ ಇಳಿದುಹೋದಂತೆ. ನೆಲಕ್ಕೆ ಅಂಟಿಸಿದ ಡಾಂಬರಿನ ಹಾಳೆಗಳು ಮಾತ್ರ ಜಿಗುಟು. ಅವುಗಳ ಮೇಲೆ ಡ್ರೈ ಐಸ್ ಹರಡಿದರೆ ಪೆಡಸಾಗಿ, ಸುತ್ತಿಗೆಯ ಪೆಟ್ಟಿಗೆ ಹಪ್ಪಳದಂತೆ ಒಡೆಯುತ್ತವೆ. ಅದರ ಶೀತ ಸೊನ್ನೆಗಿಂತ 78 ಡಿಗ್ರಿ ಕೆಳಗೆ. ದಪ್ಪ ಕೈಚೀಲ ಬೇಕು, ಬಾಗಿಲುಗಳೆಲ್ಲ ತೆರೆದಿರಬೇಕು. ಕಾರ್ಬನ್ ಡೈಆಕ್ಸೈಡ್ ಮುಚ್ಚಿದ ಕಾರಿನಲ್ಲಿ ಉಸಿರುಗಟ್ಟಿಸುತ್ತದೆ. ಬಾಗಿಲಿನೊಳಗಿನ ಉಕ್ಕಿನ ಅಡ್ಡಪಟ್ಟಿಯನ್ನು ಮಾತ್ರ ಕೊಯ್ಯಬೇಡಿ. ಅದು ಇರುವುದು ನಿಮ್ಮ ಪಕ್ಕೆಲುಬಿಗಾಗಿ.

ಇನ್ನು ಅತ್ತಿಗೆಯ ಪ್ರಶ್ನೆ: ಕಾರು ಮಗುಚಿದರೆ? ಅದಕ್ಕಾಗಿ ಕಾರಿನೊಳಗೆ ಉಕ್ಕಿನ ಕೊಳವೆಗಳ ಪಂಜರ ಕಟ್ಟುತ್ತಾರೆ. ಅಂತಾರಾಷ್ಟ್ರೀಯ ನಿಯಮದಂತೆ ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ದಪ್ಪದ ಬೆಸುಗೆಯಿಲ್ಲದ ಉಕ್ಕಿನ ಕೊಳವೆ ಬೇಕು. ಅಥವಾ 50ಕ್ಕೆ 2. ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯಲ್ಲಿ ನೀರಿನ ಪೈಪು ಬಗ್ಗಿಸಿ ಕೊಟ್ಟದ್ದು ಪಂಜರವಲ್ಲ. ಆದರೆ ಒಳ್ಳೆಯ ಪಂಜರಕ್ಕೂ ಒಂದು ಅಪಾಯವಿದೆ, ಬಹಳ ಮಂದಿ ಇದನ್ನು ಯೋಚಿಸುವುದಿಲ್ಲ. ಟ್ರ್ಯಾಕಿನಲ್ಲಿ ನಿಮ್ಮ ತಲೆಗೆ ಹೆಲ್ಮೆಟ್ಟಿದೆ. ಭುಜ, ಸೊಂಟ, ತೊಡೆಗಳನ್ನು ಆರು ಪಟ್ಟಿಗಳು ಸೀಟಿಗೆ ಬಿಗಿದಿವೆ. ಅದೇ ಕಾರಿನಲ್ಲಿ ಬರಿತಲೆಯಲ್ಲಿ ತರಕಾರಿಗೆ ಹೋದಾಗ ಒಂದು ಸಣ್ಣ ಡಿಕ್ಕಿಯಾದರೂ ತಲೆ ಬಡಿಯುವುದು ಉಕ್ಕಿಗೆ. ಪಂಜರ ಕೂರಿಸಿದ ದಿನವೇ ಆ ಕಾರು ಮನೆಯವರ ಕಾರಾಗಿ ಉಳಿಯುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಪಟ್ಟಿಗಳಿಗೂ ಸೀಟಿಗೂ ಅವಧಿಯುಂಟು. ಚೀಟಿಯ ಮೇಲಿನ ವರ್ಷ ನೋಡದೆ ಹಳೆಯದನ್ನು ಕೊಳ್ಳಬೇಡಿ. ಕೈಗೆಟಕುವಲ್ಲಿ ಬೆಂಕಿ ಆರಿಸುವ ಉಪಕರಣವಿರಲಿ.

ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ನೋಂದಾಯಿತ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಹಾಗಾಗಿ ಪೂರ್ತಿ ಬದಲಾದ ಕಾರು ಟ್ರೈಲರಿನ ಮೇಲೆ ಹೋಗಬೇಕು, ಟ್ರೈಲರಿನ ಮೇಲೆ ಬರಬೇಕು. ಸಾಮಾನ್ಯ ಖಾಸಗಿ ಕಾರಿನ ವಿಮೆ ಪಂದ್ಯಕ್ಕೂ ವೇಗದ ಪರೀಕ್ಷೆಗೂ ಅನ್ವಯಿಸುವುದಿಲ್ಲ; ನಿಮ್ಮ ಪಾಲಿಸಿ ಪತ್ರದಲ್ಲೇ ಆ ಸಾಲು ಇರುತ್ತದೆ, ಓದಿಕೊಳ್ಳಿ.

ಎಂಜಿನ್ನಿನ ಬಗೆಗೆ ಒಂದೇ ಮಾತು. ಉದ್ದನೆಯ ತಿರುವಿನಲ್ಲಿ ಸಂಪಿನೊಳಗಿನ ಆಯಿಲೆಲ್ಲ ಒಂದು ಬದಿಗೆ ಸರಿದು, ಪಂಪು ಗಾಳಿ ಹೀರಿ, ಬೇರಿಂಗುಗಳು ಒಣಗಿಹೋಗುತ್ತವೆ. ಸಂಪಿನಲ್ಲಿ ತಡೆತಟ್ಟೆ ಹಾಕಿಸಿ, ಆಯಿಲಿನ ಮಟ್ಟ ನೋಡಿಕೊಂಡು, ರೇಡಿಯೇಟರು ಶುದ್ಧಮಾಡಿಸಿದರೆ ಮೊದಲ ವರ್ಷಕ್ಕೆ ಅಷ್ಟೇ ಧಾರಾಳ. ಎಸ್ಟೀಮಿನ 1298 ಸಿ.ಸಿ. ಎಂಜಿನ್ನಿನಲ್ಲಿ ಕಲಿಯುವವನಿಗೆ ಬೇಕಾದ್ದಕ್ಕಿಂತ ಹೆಚ್ಚೇ ಶಕ್ತಿಯಿದೆ.

ಹುಡುಗ ಕಡೆಗೆ ಒಪ್ಪಿದ್ದು ಬ್ರೇಕು, ಟೈರು, ಹೆಲ್ಮೆಟ್ಟು ಇಷ್ಟಕ್ಕೆ ಮಾತ್ರ. ಎರಡು ಸಲ ಹೋಗಿಬಂದಿದ್ದಾನೆ. ಎರಡನೆಯ ಸಲ ಬಂದಾಗ ಪ್ಯಾಡುಗಳನ್ನು ಬಿಚ್ಚಿ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ಸವೆತ ಅಳೆಯುತ್ತಿದ್ದ. ಹಿಂದಿನ ಸೀಟು ಇನ್ನೂ ಕಾರಿನಲ್ಲೇ ಇದೆ, ಅತ್ತಿಗೆ ಅದರಲ್ಲಿ ಕುಳಿತು ಶುಕ್ರವಾರ ದೇವಸ್ಥಾನಕ್ಕೆ ಹೋಗುತ್ತಾರೆ. ಪಂಜರದ ಮಾತನ್ನು ಅವನು ಮತ್ತೆ ತೆಗೆದಿದ್ದಾನೆ. ಹಾಗಾದರೆ ಅಮ್ಮನಿಗೆ ಬೇರೆ ಕಾರು ನೋಡು ಎಂದಿದ್ದೇನೆ.